ಹದಿನೈದು ದಿನದ ಹಿಂದೆ ಹೇಗಿದ್ದರು?

ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗವು, ಅದನ್ನು ಕಟ್ಟಿದವರು ಬಾಯಿಬಿಟ್ಟು ಹೇಳದಿದ್ದರೂ, ಎರಡು ನಂಬಿಕೆಗಳ ಮೇಲೆ ನಿಂತಿದೆ. ರೋಗಿಯ ದೇಹದಲ್ಲಿ ಈ ಗಳಿಗೆಯಲ್ಲಿ ಕೆಟ್ಟಿರುವುದು ಯಾವುದೋ ಒಂದು ಅಂಗ ಎಂಬುದು ಮೊದಲನೆಯದು. ಹಾಗೆ ಕೆಟ್ಟ ಅಂಗವು ಸದ್ದು ಮಾಡದೆ ಇರಲಾರದು ಎಂಬುದು ಎರಡನೆಯದು. ನಲವತ್ತರ ಪ್ರಾಯದವನ ಹೃದಯದ ರಕ್ತನಾಳ ಕಟ್ಟಿಕೊಂಡರೆ ಅವನು ಎದೆಯನ್ನು ಹಿಡಿದುಕೊಂಡು ಬೆವರುತ್ತ ಬರುತ್ತಾನೆ. ಶ್ವಾಸಕೋಶಕ್ಕೆ ಸೋಂಕು ತಗುಲಿದರೆ ಜ್ವರವೂ ಕೆಮ್ಮೂ ಅವನ ಪರವಾಗಿ ಮಾತನಾಡುತ್ತವೆ. ಮೂಳೆ ಮುರಿದರೆ ಎಲ್ಲಿ ಮುರಿಯಿತೆಂಬುದನ್ನು ಅವನ ಬೆರಳೇ ತೋರಿಸುತ್ತದೆ. ನಾಡಿ, ಉಸಿರು, ಉಷ್ಣತೆ, ರಕ್ತದೊತ್ತಡಗಳೆಂಬ ನಾಲ್ಕಾರು ಅಂಕಿಗಳನ್ನು ನೋಡಿ, ಯಾರನ್ನು ತತ್‌ಕ್ಷಣ ಒಳಕ್ಕೆ ಕರೆದೊಯ್ಯತಕ್ಕದ್ದು, ಯಾರನ್ನು ಕಾಯಿಸಬಹುದು ಎಂದು ಬಾಗಿಲಲ್ಲಿಯೇ ವಿಂಗಡಿಸುವ ಪದ್ಧತಿಯು ಇಂಥ ರೋಗಿಗಳ ವಿಷಯದಲ್ಲಿ ಬಹುಮಟ್ಟಿಗೆ ಸಫಲವಾಗಿದೆ. ಅದು ಉಳಿಸಿದ ಪ್ರಾಣಗಳು ಅಸಂಖ್ಯ. ಆದರೆ ಎಂಬತ್ತನ್ನು ದಾಟಿ, ಮೈಯ ಕಸುವು ಕರಗಿ, ನಾಲ್ಕೈದು ಹಳೆಯ ರೋಗಗಳನ್ನೂ ಹತ್ತು ಬಗೆಯ ಮಾತ್ರೆಗಳನ್ನೂ ಜೊತೆಯಲ್ಲಿಟ್ಟುಕೊಂಡು ಬಾಳುತ್ತಿರುವವರು ಅದೇ ಬಾಗಿಲಿಗೆ ಬಂದಾಗ ಈ ಎರಡು ನಂಬಿಕೆಗಳೂ ಏಕಕಾಲದಲ್ಲಿ ಸುಳ್ಳಾಗುತ್ತವೆ.

ಇಂಗ್ಲೆಂಡಿನ ಮಧ್ಯಭಾಗದ ಒಂದು ಪಟ್ಟಣದಲ್ಲಿ ಒಂಟಿಯಾಗಿ ಬಾಳುತ್ತಿರುವ ಎಂಬತ್ತಾರು ವರ್ಷದ ಮುದುಕಿಯೊಬ್ಬರನ್ನು ಕಲ್ಪಿಸಿಕೊಳ್ಳೋಣ. ಅಂಥವರು ಆ ದೇಶದ ದೊಡ್ಡ ಆಸ್ಪತ್ರೆಗಳಿಗೆ ದಿನವೂ ಬರುವವರಾದ್ದರಿಂದ ಕಲ್ಪನೆಗೆ ಹೆಚ್ಚಿನ ಶ್ರಮವಿಲ್ಲ. ಬೆಳಿಗ್ಗೆ ಹಾಲು ಕೊಡಲು ಬಂದ ನೆರೆಮನೆಯವಳು ಅವರನ್ನು ಅಡುಗೆಮನೆಯ ನೆಲದ ಮೇಲೆ ಕಂಡಳು. ರಾತ್ರಿ ಯಾವ ಹೊತ್ತಿನಲ್ಲಿ ಬಿದ್ದರೋ ತಿಳಿಯದು. ಆಂಬುಲೆನ್ಸಿನವರ ಚೀಟಿಯಲ್ಲಿ ‘ಬಿದ್ದಿದ್ದಾರೆ, ನಿಲ್ಲಲಾರರು, ಮಾತಿನಲ್ಲಿ ಸ್ವಲ್ಪ ಗೊಂದಲ’ ಎಂದಿಷ್ಟೇ ಇದೆ. ಜ್ವರವಿಲ್ಲ, ನಾಡಿ ನಿಮಿಷಕ್ಕೆ 78, ರಕ್ತದೊತ್ತಡದ ಮೇಲಿನ ಅಂಕಿ 112, ನೋವೆಲ್ಲಿ ಎಂದರೆ ಎಲ್ಲಿಯೂ ಇಲ್ಲವೆನ್ನುತ್ತಾರೆ. ಬಾಗಿಲಲ್ಲಿ ವಿಂಗಡಿಸುವವರ ನಿಯಮದಂತೆ ಇವರು ಕಾಯಬಲ್ಲವರು. ಟ್ರಾಲಿಯ ಮೇಲೆ, ದೀಪವಾರದ ಓಣಿಯೊಂದರಲ್ಲಿ, ಅವರು ಕಾಯುತ್ತಾರೆ. ಕಡೆಗೆ ಬಂದ ಕಿರಿಯ ವೈದ್ಯನು, ಬೇರೇನೂ ಸುಳಿವು ದೊರೆಯದೆ, ಮೂತ್ರದಲ್ಲಿ ಪರೀಕ್ಷೆಯ ಪಟ್ಟಿಯನ್ನು ಅದ್ದಿ, ಬಣ್ಣ ಬದಲಾದುದನ್ನು ಕಂಡು, ‘ಮೂತ್ರದ ಸೋಂಕು’ ಎಂದು ಬರೆದು, ಒಂದು ಆಂಟಿಬಯೋಟಿಕ್ ಮದ್ದನ್ನು ಕೊಡಿಸಿ, ವಾರ್ಡಿಗೆ ಕಳುಹಿಸುತ್ತಾನೆ. ಅವನು ಕಂಡ ಸಂಗತಿಗಳೆಲ್ಲ ನಿಜ. ಅವುಗಳಿಂದ ಹೊರಟ ತೀರ್ಮಾನ ಮಾತ್ರ ಪೂರ್ತಿ ತಪ್ಪಾಗಿರಬಹುದು.

ಏಕೆಂದರೆ, ಆ 112 ಎಂಬ ರಕ್ತದೊತ್ತಡವು ಇಪ್ಪತ್ತರ ತರುಣಿಗೆ ಆರೋಗ್ಯದ ಲಕ್ಷಣವಾದರೂ, ವರ್ಷಗಟ್ಟಲೆ 160ರ ಆಸುಪಾಸಿನಲ್ಲಿ ಬಾಳಿದ ಶರೀರಕ್ಕೆ ಅದು ಕುಸಿತ. ನಾಡಿ ಓಡದೆ ಇರುವುದಕ್ಕೆ ದೇಹದಲ್ಲಿ ಸಂಕಟವಿಲ್ಲದಿರುವುದು ಕಾರಣವೆಂದು ಹೇಳುವ ಮುನ್ನ, ಹೃದಯದ ಓಟವನ್ನು ತಡೆಯತಕ್ಕ ಬೀಟಾ ಬ್ಲಾಕರ್ ಮಾತ್ರೆಯನ್ನು ಆಕೆ ಎಷ್ಟು ವರ್ಷದಿಂದ ನುಂಗುತ್ತಿದ್ದಾರೆಂಬುದನ್ನು ವಿಚಾರಿಸಬೇಕಾಗುತ್ತದೆ. ಜ್ವರವೆಂಬುದು ರೋಗಾಣುವಿನ ಕೆಲಸವಲ್ಲ, ರೋಗಾಣುವಿಗೆ ದೇಹವು ಕೊಡುವ ಉತ್ತರ. ಉತ್ತರ ಕೊಡುವ ಶಕ್ತಿಯೇ ಕುಂದಿದ ಮೈಯಲ್ಲಿ ನ್ಯೂಮೋನಿಯವು ಜ್ವರವಿಲ್ಲದೆಯೂ ಕೆಮ್ಮಿಲ್ಲದೆಯೂ ಬೆಳೆಯಬಲ್ಲುದು, ಅಂತೆಯೇ ಹೃದಯಾಘಾತವು ಎದೆನೋವಿಲ್ಲದೆ ಬರಿಯ ಸುಸ್ತಾಗಿಯೋ ಉಬ್ಬಸವಾಗಿಯೋ ಕಾಣಿಸಿಕೊಳ್ಳಬಲ್ಲುದು. ಇನ್ನು ಮೂತ್ರದ ಮಾತು: ವಯಸ್ಸಾದ ಹೆಂಗಸರಲ್ಲಿ ಬಹುಮಂದಿಯ ಮೂತ್ರಕೋಶದಲ್ಲಿ ಬ್ಯಾಕ್ಟೀರಿಯಗಳು ಯಾವ ರೋಗವನ್ನೂ ಉಂಟುಮಾಡದೆ ನೆಲೆಸಿರುತ್ತವಾದ್ದರಿಂದ, ಅರವತ್ತೈದು ದಾಟಿದವರಲ್ಲಿ ಈ ಪಟ್ಟಿಯ ಪರೀಕ್ಷೆಯನ್ನು ನೆಚ್ಚಿ ಸೋಂಕೆಂದು ತೀರ್ಮಾನಿಸಕೂಡದೆಂದು ಬ್ರಿಟನ್ನಿನ ಆರೋಗ್ಯ ಇಲಾಖೆಯ ಮಾರ್ಗಸೂಚಿಯೇ ಹೇಳುತ್ತದೆ. ಆದರೂ ಆ ಪಟ್ಟಿ ಅದ್ದುವುದು ನಿಂತಿಲ್ಲ. ಕೈಗೆ ಸಿಕ್ಕಿದ ವಿವರಣೆಯು ಸಿಗದಿರುವ ವಿವರಣೆಗಿಂತ ಮನಸ್ಸಿಗೆ ಹಿತ, ವೈದ್ಯರೂ ಮನುಷ್ಯರೇ.

ದೇಹದ ಒಳಗಿನ ಉಷ್ಣತೆ, ರಕ್ತದ ಒತ್ತಡ, ನೀರು, ಉಪ್ಪು, ಸಕ್ಕರೆ ಇವೆಲ್ಲವೂ ಹೊರಗೆ ಏನೇ ಆದರೂ ತಮ್ಮ ತಮ್ಮ ಮೇರೆಯೊಳಗೇ ನಿಲ್ಲುವಂತೆ ಏರ್ಪಾಡಾಗಿರುವುದನ್ನು ಅಮೆರಿಕದ ಶರೀರಕ್ರಿಯಾವಿಜ್ಞಾನಿ ವಾಲ್ಟರ್ ಕ್ಯಾನನ್ ಕಳೆದ ಶತಮಾನದ ಮೂರನೆಯ ದಶಕದಲ್ಲಿ ವಿವರಿಸಿ, ಆ ಏರ್ಪಾಡಿಗೆ ಹೋಮಿಯೋಸ್ಟಾಸಿಸ್ ಎಂದು ಹೆಸರಿಟ್ಟನು. ಇದನ್ನು ನಡೆಸಿಕೊಂಡು ಹೋಗುವುದಕ್ಕೆ ಪ್ರತಿಯೊಂದು ಅಂಗಕ್ಕೂ ನಿತ್ಯದ ಅಗತ್ಯಕ್ಕಿಂತ ಬಹುಪಾಲು ಹೆಚ್ಚಿನ ಶಕ್ತಿಯು ಸಂಗ್ರಹದಲ್ಲಿರಬೇಕು. ಮುಂಗಾರಿನಲ್ಲಿ ತುಂಬಿದ ಕೆರೆಯಿಂದ ನಾಲ್ಕು ದಿನ ಹೆಚ್ಚು ನೀರು ಬಿಟ್ಟರೂ ಏರಿಯ ಮೇಲೆ ನಿಂತು ನೋಡುವವನಿಗೆ ಏನೂ ತಿಳಿಯದು. ಬೇಸಗೆಯ ಕೊನೆಯಲ್ಲಿ ತೂಬಿನ ಮಟ್ಟಕ್ಕೆ ಇಳಿದಿರುವ ಅದೇ ಕೆರೆಯಿಂದ ಅಷ್ಟೇ ನೀರನ್ನು ಬಿಟ್ಟರೆ ಊರಿನ ಗದ್ದೆಗಳೆಲ್ಲ ಒಮ್ಮೆಗೇ ಒಣಗುತ್ತವೆ, ಮತ್ತು ಮೊದಲು ಒಣಗುವುದು ಕಾಲುವೆಯ ತೀರ ಕೊನೆಯಲ್ಲಿರುವ ಗದ್ದೆ. ಮುಪ್ಪಿನಲ್ಲಿ ರೋಗವು ತೋರಿಕೊಳ್ಳುವ ಬಗೆಯೂ ಇದೇ. ಕೆಟ್ಟಿರುವುದು ಶ್ವಾಸಕೋಶವಾದರೂ, ಮೂತ್ರಪಿಂಡವಾದರೂ, ಮಲಬದ್ಧತೆಯಂಥ ಅಲ್ಪ ಕಾರಣವೇ ಆದರೂ, ಸೋಲುವುದು ಅತ್ಯಂತ ಸೂಕ್ಷ್ಮವಾದ ಹೊಂದಾಣಿಕೆಯನ್ನು ಬೇಡುವ ಕೆಲಸಗಳು: ಎರಡು ಕಾಲಿನ ಮೇಲೆ ನೆಟ್ಟಗೆ ನಿಲ್ಲುವುದು, ಇಂದು ಯಾವ ವಾರವೆಂಬುದನ್ನು ನೆನಪಿನಲ್ಲಿಡುವುದು, ಮೂತ್ರವನ್ನು ತಡೆಯುವುದು. ಗ್ಲಾಸ್ಗೋ ನಗರದಲ್ಲಿಯೂ ತರುವಾಯ ಬರ್ಮಿಂಗ್‌ಹ್ಯಾಮಿನಲ್ಲಿಯೂ ವೃದ್ಧರ ಚಿಕಿತ್ಸೆಯಲ್ಲಿ ತೊಡಗಿದ್ದ ಬರ್ನಾರ್ಡ್ ಐಸಾಕ್ಸ್ ಎಂಬ ವೈದ್ಯರು ಚಲನೆ ನಿಲ್ಲುವುದು, ಬೀಳುವುದು, ಮಲಮೂತ್ರಗಳ ಹಿಡಿತ ತಪ್ಪುವುದು, ಬುದ್ಧಿ ಮಂಕಾಗುವುದು ಎಂಬ ಈ ನಾಲ್ಕನ್ನು ಮುಪ್ಪಿನ ವೈದ್ಯದ ದೈತ್ಯರೆಂದು ಕರೆದರು. ಇವು ರೋಗಗಳಲ್ಲ, ಎಷ್ಟೋ ರೋಗಗಳು ಕೂಡುವ ಹೆಬ್ಬಾಗಿಲುಗಳು. ‘ಅರವತ್ತಕ್ಕೆ ಅರುಳುಮರುಳು’ ಎಂದು ನಾವು ನಕ್ಕು ಬಿಡುವ ಕಡೆಯಲ್ಲಿಯೇ, ಅರುಳುಮರುಳು ಯಾವತ್ತಿನಿಂದ ಎಂದು ಕೇಳಿದರೆ, ಮೂರು ದಿನದ ಹಿಂದೆ ಹುಟ್ಟಿ ಮೂರು ದಿನದಲ್ಲಿ ವಾಸಿಯಾಗತಕ್ಕ ಕಾರಣವೊಂದು ಹೊರಬೀಳಬಹುದು.

ಹೀಗೆ ಕೇಳಬೇಕೆಂಬ ಅರಿವು ತುರ್ತು ವಿಭಾಗದಲ್ಲಿ ಹುಟ್ಟಿದ್ದಲ್ಲ. ಅದು ಹುಟ್ಟಿದ್ದು ತುರ್ತೆಂಬುದೇ ಇಲ್ಲದ ಒಂದು ಸ್ಥಳದಲ್ಲಿ. ಲಂಡನ್ನಿನ ಪಶ್ಚಿಮಕ್ಕಿರುವ ಐಲ್‌ವರ್ತಿನ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯು 1935ರಲ್ಲಿ, ಪಕ್ಕದಲ್ಲಿದ್ದ ಬಡವರ ಕಾನೂನಿನ ಕಾಲದ ನಿರ್ಗತಿಕರ ಆಶ್ರಯಾಲಯವನ್ನು ತನ್ನ ಸ್ವಾಧೀನಕ್ಕೆ ತೆಗೆದುಕೊಂಡಾಗ, ಅಲ್ಲಿನ 714 ಮಂದಿಯ ಹೊಣೆಯು ಮಾರ್ಜರಿ ವಾರನ್ ಎಂಬ ವೈದ್ಯೆಯ ಪಾಲಿಗೆ ಬಂದಿತು. ಶಸ್ತ್ರಚಿಕಿತ್ಸೆಯಲ್ಲಿ ಪಳಗಿದ್ದ ಆಕೆಗೆ ಈ ಕೆಲಸವು ಬಹುಮಾನವಾಗಿ ಬಂದಿರಲಾರದು. ಉದ್ದುದ್ದನೆಯ ಕೊಠಡಿಗಳಲ್ಲಿ, ವರ್ಷಗಟ್ಟಲೆ ಹಾಸಿಗೆಯನ್ನು ಬಿಟ್ಟೇಳದೆ, ಯಾವ ರೋಗದಿಂದ ಮಲಗಿದ್ದಾರೆಂಬುದನ್ನು ಯಾರೂ ಕೇಳದೆ, ಮುದಿತನವನ್ನೂ ರೋಗವನ್ನೂ ಬಡತನವನ್ನೂ ಒಂದೇ ಕಂಬಳಿಯಡಿ ಹೊದ್ದು ಮಲಗಿದ್ದ ಆ ಜನರನ್ನು ವಾರನ್ ಒಬ್ಬೊಬ್ಬರನ್ನಾಗಿ ಪರೀಕ್ಷಿಸಿದರು. ಈ ಮನುಷ್ಯನಿಗೆ ರೋಗವೇನು, ಅದರಲ್ಲಿ ವಾಸಿಯಾಗುವುದೆಷ್ಟು, ಎದ್ದು ನಡೆಯಬಲ್ಲನೆ, ನಡೆಯಲಾರನಾದರೆ ತಡೆದಿರುವುದು ಕಾಲೋ ಭಯವೋ ಬರಿಯ ಅಭ್ಯಾಸವೋ, ಹೋಗುವುದಕ್ಕೆ ಮನೆಯೊಂದು ಉಂಟೋ ಎಂದು ಬಗೆಹರಿಸಿ, ಗೋಡೆಗಳಿಗೆ ಬಣ್ಣ ಹೊಡೆಸಿ, ಹಿಡಿದು ನಡೆಯಲು ಕಂಬಿಗಳನ್ನು ಹಾಕಿಸಿ, ಮಲಗಿದವರನ್ನು ಎಬ್ಬಿಸಿ ಕೂರಿಸಿ ನಡೆಸಿದರು. ಬಹುಮಂದಿ ಮನೆಗೆ ಹೋದರು. ಕೆಲವು ವರ್ಷಗಳಲ್ಲಿ ಅವರಿಗೆ ಬೇಕಾದ ಹಾಸಿಗೆಗಳ ಸಂಖ್ಯೆಯು ಸುಮಾರು 240ಕ್ಕೆ ಇಳಿಯಿತು. ತಮ್ಮ ಅನುಭವವನ್ನು ಅವರು 1943ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿಯೂ 1946ರಲ್ಲಿ ಲ್ಯಾನ್ಸೆಟ್ಟಿನಲ್ಲಿಯೂ ಪ್ರಕಟಿಸಿದರು. ಈ ಮುಪ್ಪಿನ ವೈದ್ಯಕ್ಕೆ ಜೀರಿಯಾಟ್ರಿಕ್ಸ್ ಎಂಬ ಹೆಸರನ್ನು ನ್ಯೂಯಾರ್ಕಿನ ಇಗ್ನಾಟ್ಸ್ ನಾಷರ್ 1909ರಲ್ಲಿಯೇ ಕೊಟ್ಟಿದ್ದರೂ, ಅದಕ್ಕೆ ಕೈಕಾಲುಗಳನ್ನು ಕೊಟ್ಟವರು ವಾರನ್. ಅವರು ಅಂದು ಮಾಡಿದ ಕೆಲಸವೇ ಇಂದು ಸಮಗ್ರ ಜರಾಪರೀಕ್ಷೆ ಎನಿಸಿಕೊಂಡಿದೆ: ರೋಗ, ಮನಸ್ಸು, ನಡೆನುಡಿ, ದಿನದ ಕೆಲಸಗಳನ್ನು ಮಾಡಿಕೊಳ್ಳುವ ಶಕ್ತಿ, ಮನೆ, ಬಂಧುಬಳಗ ಇಷ್ಟನ್ನೂ ವೈದ್ಯರು, ದಾದಿಯರು, ಫಿಸಿಯೋಥೆರಪಿಸ್ಟರು, ಸಮಾಜಕಾರ್ಯಕರ್ತರು ಕೂಡಿ ಅಳೆದು, ಒಂದು ಕಾರ್ಯಕ್ರಮವನ್ನು ಹಾಕಿ, ಅದನ್ನು ನಡೆಸಿ, ಮತ್ತೆ ಅಳೆಯುವುದು.

ಈ ಪರೀಕ್ಷೆಗೆ ಹೊತ್ತು ಬೇಕು. ವೃದ್ಧರೆಲ್ಲರಿಗೂ ಅದನ್ನು ಮಾಡಲು ಯಾವ ಆಸ್ಪತ್ರೆಗೂ ಸಾಧ್ಯವಿಲ್ಲ, ಮಾಡಬೇಕಾದ ಅಗತ್ಯವೂ ಇಲ್ಲ. ತೊಂಬತ್ತರಲ್ಲಿ ತೋಟದ ಕೆಲಸ ಮಾಡಿಕೊಂಡಿರುವವರೂ ಉಂಟು, ಎಪ್ಪತ್ತರಲ್ಲಿ ಕುರ್ಚಿಯಿಂದ ಏಳಲಾರದವರೂ ಉಂಟು. ಜನ್ಮದಿನಾಂಕವು ಹೇಳದ ಈ ಭೇದವನ್ನು ಇಂಗ್ಲಿಷ್ ವೈದ್ಯರು ಫ್ರೇಲ್ಟಿ ಎನ್ನುತ್ತಾರೆ. ನಾವು ಜರಾಕ್ಷೀಣತೆ ಎನ್ನೋಣ. ಇದನ್ನು ಅಳೆಯುವ ಎರಡು ಮಾರ್ಗಗಳು ಈ ಶತಮಾನದ ಆರಂಭದಲ್ಲಿ ಬಳಕೆಗೆ ಬಂದವು. ಅಮೆರಿಕದ ಲಿಂಡಾ ಫ್ರೀಡ್ ಮತ್ತು ಸಹೋದ್ಯೋಗಿಗಳು 2001ರಲ್ಲಿ, ಅರವತ್ತೈದು ದಾಟಿದ 5317 ಜನರನ್ನು ಅಭ್ಯಸಿಸಿ, ಬಯಸದೆ ತೂಕ ಇಳಿಯುವುದು, ಬಳಲಿಕೆ, ಕೈಯ ಹಿಡಿತ ಸಡಿಲವಾಗುವುದು, ನಡಿಗೆ ನಿಧಾನವಾಗುವುದು, ಓಡಾಟ ಕಡಿಮೆಯಾಗುವುದು ಎಂಬ ಐದರಲ್ಲಿ ಮೂರು ಇದ್ದವರನ್ನು ಕ್ಷೀಣರೆಂದು ಗಣಿಸಿದರು. ಇದು ಶಾಸ್ತ್ರೀಯವಾದುದು, ಆದರೆ ಟ್ರಾಲಿಯ ಮೇಲೆ ಮಲಗಿರುವವರ ನಡಿಗೆಯನ್ನು ಅಳೆಯುವುದು ಹೇಗೆ? ಕೆನಡಾದ ಹ್ಯಾಲಿಫ್ಯಾಕ್ಸಿನ ಕೆನೆತ್ ರಾಕ್‌ವುಡ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಮಾರ್ಗವು ಇದಕ್ಕಿಂತ ಸರಳ. ಅದರಲ್ಲಿ ಉಪಕರಣವೇ ಇಲ್ಲ. ಮೊದಲು ಏಳು, ಆಮೇಲೆ ಒಂಬತ್ತು ಮೆಟ್ಟಿಲುಗಳುಳ್ಳ ಒಂದು ಏಣಿಯಂಥ ಮಾನ, ಪ್ರತಿಯೊಂದು ಮೆಟ್ಟಿಲಿಗೂ ಒಂದೆರಡು ವಾಕ್ಯಗಳ ವರ್ಣನೆ. ತಮ್ಮ ವಯಸ್ಸಿನವರಲ್ಲಿ ಅತ್ಯಂತ ಗಟ್ಟಿಮುಟ್ಟಾದವರು ಒಂದನೆಯದರಲ್ಲಿ. ಸಾಮಾನು ತರುವುದಕ್ಕೂ ಹಣದ ಲೆಕ್ಕಕ್ಕೂ ಇನ್ನೊಬ್ಬರ ನೆರವು ಬೇಕಾದವರು ಐದನೆಯದರಲ್ಲಿ. ಸ್ನಾನಕ್ಕೆ ನೆರವು ಬೇಕಾದವರು ಆರನೆಯದರಲ್ಲಿ. ಹೀಗೆ ಮರಣದ ಸಮೀಪದಲ್ಲಿರುವವರು ಒಂಬತ್ತನೆಯದರಲ್ಲಿ.

ಈ ಮಾನದ ಪ್ರಾಣವಿರುವುದು ಅದರ ಜೊತೆಗಿರುವ ಒಂದು ನಿಯಮದಲ್ಲಿ. ರೋಗಿಯು ಈಗ ಹೇಗೆ ಕಾಣುತ್ತಿದ್ದಾರೆಂಬುದನ್ನು ನೋಡಿ ಅಂಕ ಕೊಡಕೂಡದು. ಈ ಕಾಯಿಲೆ ಬರುವುದಕ್ಕೆ ಹದಿನೈದು ದಿನ ಹಿಂದೆ ಹೇಗಿದ್ದರೆಂಬುದನ್ನು ಕೇಳಿ ತಿಳಿದು ಕೊಡಬೇಕು. ತುರ್ತು ವಿಭಾಗದಲ್ಲಿ ಎಲ್ಲ ಮುದುಕರೂ ಒಂದೇ ತರಹ ಕಾಣುತ್ತಾರೆ: ಅದೇ ಹಿಂದೆ ತೆರೆದ ಆಸ್ಪತ್ರೆಯ ಅಂಗಿ, ಹಲ್ಲಿನ ಸೆಟ್ಟಿಲ್ಲದ ಬಾಯಿ, ಕನ್ನಡಕವಿಲ್ಲದ ಕಣ್ಣು. ಹದಿನೈದು ದಿನದ ಹಿಂದೆ ತಾವೇ ಪೇಟೆಗೆ ಹೋಗಿ ಬರುತ್ತಿದ್ದವರು ಇಂದು ನಿಲ್ಲಲಾರದೆ ಹೋಗಿದ್ದರೆ, ಆ ಅಂತರದಷ್ಟು ದೊಡ್ಡ ರೋಗವೊಂದು ಎಲ್ಲಿಯೋ ಅಡಗಿದೆ. ವರ್ಷದಿಂದ ನಿಲ್ಲಲಾರದಿದ್ದವರು ಇಂದೂ ನಿಲ್ಲಲಾರರಾದರೆ ಹುಡುಕಬೇಕಾದದ್ದು ಬೇರೆ. ಜ್ವರಮಾಪಕವೂ ನಾಡಿಯೂ ಮೌನವಾಗಿರುವಲ್ಲಿ ಮಾತನಾಡುವುದು ಈ ಅಂತರವೊಂದೇ.

ಅಳತೆಯೆಂಬುದು ಯಾರ ಕೈಯಲ್ಲಿದೆ ಎಂಬುದರ ಮೇಲೆ ಉಪಕಾರಿಯೋ ಅಪಕಾರಿಯೋ ಆಗುವುದುಂಟು. ಕೋವಿಡ್ ಸಾಂಕ್ರಾಮಿಕದ ಮೊದಲ ಅಲೆಯಲ್ಲಿ, 2020ರ ಮಾರ್ಚಿನಲ್ಲಿ, ಚಿಕಿತ್ಸೆಯ ಮಾರ್ಗಸೂಚಿಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆಯು ತೀವ್ರ ನಿಗಾ ಘಟಕಕ್ಕೆ ಯಾರನ್ನು ಸೇರಿಸುವುದೆಂಬುದನ್ನು ವಿಚಾರಿಸುವಾಗ ಇದೇ ಮಾನವನ್ನು ಬಳಸುವಂತೆ ಹೇಳಿತು. ಹುಟ್ಟಿನಿಂದ ಅಂಗವೈಕಲ್ಯವೋ ಬುದ್ಧಿಮಾಂದ್ಯವೋ ಇದ್ದು ಇತರರ ನೆರವಿನಿಂದ ನೆಮ್ಮದಿಯಾಗಿ ಬಾಳುತ್ತಿರುವ ತರುಣರೂ ಇದರಿಂದ ಕ್ಷೀಣರ ಪಟ್ಟಿಗೆ ಬೀಳುತ್ತಾರೆಂಬ ಆಕ್ಷೇಪವೆದ್ದು, ಕೆಲವೇ ದಿನಗಳಲ್ಲಿ ಆ ಸೂಚನೆಯನ್ನು ತಿದ್ದಬೇಕಾಯಿತು. ರಾಕ್‌ವುಡ್ಡರ ಮಾನವು ವೃದ್ಧರಿಗಾಗಿ ರೂಪಿಸಿದ್ದು, ಮತ್ತು ಯಾರಿಗೆ ಹೆಚ್ಚಿನ ಗಮನ ಕೊಡಬೇಕೆಂಬುದನ್ನು ತಿಳಿಯುವುದಕ್ಕಾಗಿ. ಅಂಕವನ್ನು ಬರೆದ ಕೂಡಲೇ ಕೆಲಸ ಮುಗಿಯಿತೆಂದು ಬಗೆಯುವ ಆಸ್ಪತ್ರೆಗಳು ಈಗಲೂ ಇಲ್ಲದಿಲ್ಲ.

ಅಂಕದ ಆಚೆಗೆ ನಡೆಯತಕ್ಕ ಪರೀಕ್ಷೆಯನ್ನು, ನಾವು ಕಲ್ಪಿಸಿದ ಮುದುಕಿಯ ಬಳಿಯಲ್ಲಿಯೇ ನಿಂತು ನೋಡಬಹುದು. ಜರಾವೈದ್ಯರು ಮೊದಲು ಎತ್ತುವುದು ಸ್ಟೆಥಾಸ್ಕೋಪನ್ನಲ್ಲ, ಟೆಲಿಫೋನನ್ನು. ನೆರೆಯವಳಿಂದ ತಿಳಿದುಬರುತ್ತದೆ: ಹದಿನೈದು ದಿನದ ಹಿಂದೆ ಈಕೆ ಊರುಗೋಲು ಹಿಡಿದು ಅಂಗಡಿಗೆ ಹೋಗುತ್ತಿದ್ದರು, ನಾಲ್ಕು ದಿನದಿಂದ ಸರಿಯಾಗಿ ಊಟ ಮಾಡಿಲ್ಲ, ಈಚೆಗೆ ಒತ್ತಡದ ಮಾತ್ರೆಯನ್ನು ಹೆಚ್ಚಿಸಿದ್ದಾರೆ, ಕಿವಿಯ ಯಂತ್ರವು ಮನೆಯ ಮೇಜಿನ ಮೇಲೆಯೇ ಉಳಿದಿದೆ. ಗೊಂದಲವೆಂದು ಚೀಟಿಯಲ್ಲಿ ಬರೆದದ್ದರಲ್ಲಿ ಅರ್ಧಪಾಲು ಕಿವುಡು. ಉಳಿದರ್ಧವನ್ನು ತಿಳಿಯುವುದಕ್ಕೆ ಎಡಿನ್‌ಬರೋದ ವೈದ್ಯರು ರೂಪಿಸಿದ, ಎರಡು ನಿಮಿಷದಲ್ಲಿ ಮುಗಿಯುವ ಒಂದು ಪರೀಕ್ಷೆಯಿದೆ: ರೋಗಿಯು ಎಚ್ಚರವಾಗಿ ಇದ್ದಾರೆಯೆ ಎಂದು ನೋಡುವುದು, ವಯಸ್ಸು, ಹುಟ್ಟಿದ ದಿನ, ಈಗ ಇರುವ ಸ್ಥಳ, ಇಸವಿ ಇವನ್ನು ಕೇಳುವುದು, ಡಿಸೆಂಬರಿನಿಂದ ಹಿಂದುಹಿಂದಕ್ಕೆ ತಿಂಗಳುಗಳನ್ನು ಹೇಳಿಸುವುದು, ಈ ಸ್ಥಿತಿಯು ಥಟ್ಟನೆ ಬಂದುದೆ, ಏರಿಳಿಯುತ್ತಿದೆಯೆ ಎಂದು ಮನೆಯವರನ್ನು ವಿಚಾರಿಸುವುದು. ಇದರಲ್ಲಿ ನಾಲ್ಕು ಅಥವಾ ಹೆಚ್ಚು ಅಂಕ ಬಂದರೆ ಸನ್ನಿಯಿರಬೇಕೆಂದು ಶಂಕಿಸತಕ್ಕದ್ದು. ಸನ್ನಿಯೆಂದರೆ ಕೂಗಾಡುವುದು, ಹಾಸಿಗೆಯನ್ನು ಕೀಳುವುದು ಎಂದು ನಮ್ಮ ಜನ ತಿಳಿದಿದ್ದಾರೆ. ವೃದ್ಧರಲ್ಲಿ ಅದು ಅನೇಕ ಸಲ ಮೌನರೂಪದಲ್ಲಿ ಬರುತ್ತದೆ. ಕರೆದರೆ ಕಣ್ಣು ತೆರೆದು, ಹೂಂ ಎಂದು, ಮತ್ತೆ ಮುಚ್ಚಿಕೊಳ್ಳುವ ಈ ರೋಗಿಗಳು ಯಾರಿಗೂ ತೊಂದರೆ ಕೊಡದಿರುವುದರಿಂದಲೇ ಯಾರ ಕಣ್ಣಿಗೂ ಬೀಳರು.

ಆಮೇಲೆ ಮಲಗಿದಲ್ಲಿ ಒಮ್ಮೆ, ಎದ್ದು ನಿಂತ ಮೇಲೆ ಮೂರು ನಿಮಿಷದೊಳಗೆ ಮತ್ತೊಮ್ಮೆ ರಕ್ತದೊತ್ತಡವನ್ನು ಅಳೆಯುತ್ತಾರೆ. ಮೇಲಿನ ಅಂಕಿಯು ಇಪ್ಪತ್ತಕ್ಕೆ ಕಡಿಮೆಯಿಲ್ಲದಂತೆ ಇಳಿದರೆ, ಬಿದ್ದುದಕ್ಕೆ ಒಂದು ಕಾರಣ ಸಿಕ್ಕಿತು. ಮಾತ್ರೆಗಳ ಚೀಲವನ್ನು ಔಷಧಶಾಸ್ತ್ರಜ್ಞರು ಮೇಜಿನ ಮೇಲೆ ಸುರಿದು ನೋಡುತ್ತಾರೆ. ಮೂತ್ರದ ಆತುರವನ್ನು ತಡೆಯಲೆಂದು ಕೊಟ್ಟ ಒಂದು ಮಾತ್ರೆಯು ನೆನಪನ್ನೂ ಮಂಕುಗೊಳಿಸುತ್ತಿರಬಹುದು, ನಿದ್ರೆಗೆಂದು ಕೊಟ್ಟ ಇನ್ನೊಂದು ಮಧ್ಯರಾತ್ರಿ ಕಾಲು ತಪ್ಪಿಸುತ್ತಿರಬಹುದು. ರಾತ್ರಿಯೆಲ್ಲ ನೆಲದ ಮೇಲೆ ಬಿದ್ದಿದ್ದವರ ಒತ್ತಿಹೋದ ಸ್ನಾಯುಗಳಿಂದ ಹೊರಬಿದ್ದ ದ್ರವ್ಯಗಳು ಮೂತ್ರಪಿಂಡವನ್ನು ಕೆಡಿಸಬಲ್ಲವಾದ್ದರಿಂದ ರಕ್ತವನ್ನು ಪರೀಕ್ಷಿಸುತ್ತಾರೆ. ನೋವಿಲ್ಲವೆಂದರೂ ಸೊಂಟವನ್ನೂ ಕತ್ತನ್ನೂ ಬಿಡದೆ ನೋಡುತ್ತಾರೆ. ಬ್ರಿಟನ್ನಿನಲ್ಲಿ ವೃದ್ಧರಿಗೆ ಆಗುವ ಭಾರಿ ಪೆಟ್ಟುಗಳಿಗೆ ಅತಿ ಸಾಮಾನ್ಯ ಕಾರಣವು ಮೋಟಾರು ಅಪಘಾತವಾಗಿರದೆ, ಎರಡು ಮೀಟರಿಗೂ ಕಡಿಮೆ ಎತ್ತರದಿಂದ, ಅಂದರೆ ಬಹುಶಃ ನಿಂತಲ್ಲಿಯೇ, ಬೀಳುವುದೆಂದು ಅಲ್ಲಿನ ಅಪಘಾತ ದಾಖಲೆಗಳು 2017ರಲ್ಲಿ ತೋರಿಸಿಕೊಟ್ಟವು. ಕಾಲುಗುರು ಬೆಳೆದು ಬಾಗಿದೆಯೆ, ಚಪ್ಪಲಿ ಸಡಿಲವೆ, ಹೊಟ್ಟೆಯಲ್ಲಿ ಮಲ ಕಟ್ಟಿದೆಯೆ ಎಂದೂ ನೋಡುತ್ತಾರೆ. ಕೊನೆಯಲ್ಲಿ, ಎಲ್ಲಕ್ಕಿಂತ ಮುಖ್ಯವಾಗಿ, ಆಕೆಯನ್ನು ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸುತ್ತಾರೆ. ಇಷ್ಟೂ ಆದ ಮೇಲೆ ಹೊರಬೀಳುವುದು ಒಂದು ರೋಗದ ಹೆಸರಲ್ಲ, ಒಂದು ಪಟ್ಟಿ. ಎಡ ಶ್ವಾಸಕೋಶದ ತಳದಲ್ಲಿ ಜ್ವರವಿಲ್ಲದ ನ್ಯೂಮೋನಿಯ, ಅದರಿಂದ ಸನ್ನಿ. ಹೆಚ್ಚಾದ ಮಾತ್ರೆಯಿಂದ ಕುಸಿಯುವ ಒತ್ತಡ. ನಾಲ್ಕು ದಿನದ ಉಪವಾಸದಿಂದ ನೀರಿನ ಕೊರತೆ. ಕಿವಿಯ ಯಂತ್ರ ಇಲ್ಲ. ಮನೆಯಲ್ಲಿ ರಾತ್ರಿ ಯಾರೂ ಇಲ್ಲ. ಇವುಗಳಲ್ಲಿ ಒಂದೊಂದಕ್ಕೂ ಒಬ್ಬೊಬ್ಬರು ಹೊಣೆ. ಮೂತ್ರದ ಸೋಂಕು ಪಟ್ಟಿಯಲ್ಲಿ ಇಲ್ಲ.

ಆಕೆಗೆ ಏನು ಬೇಕೆಂದು ಕೇಳುವುದೂ ಪರೀಕ್ಷೆಯ ಅಂಗವೇ. ಮನೆಗೆ ಹೋಗಬೇಕು ಎಂಬ ಉತ್ತರವು ಬಹುತೇಕ ಸಿದ್ಧವಾಗಿರುತ್ತದೆ.

ಇಷ್ಟು ಸಾವಧಾನದ ಕೆಲಸವನ್ನು ಎಲ್ಲರೂ ಓಡುತ್ತಿರುವ ಸ್ಥಳದಲ್ಲಿಯೇ ಏಕೆ ಮಾಡಬೇಕು, ವಾರ್ಡಿಗೆ ಹೋದ ಮೇಲೆ ಮಾಡಬಾರದೆ ಎಂಬ ಪ್ರಶ್ನೆ ಸಹಜ. ಉತ್ತರವಿರುವುದು ಹಾಸಿಗೆಯಲ್ಲಿ. ರಿಚರ್ಡ್ ಆಷರ್ ಎಂಬ ಲಂಡನ್ನಿನ ವೈದ್ಯನು 1947ರಲ್ಲಿಯೇ ಹಾಸಿಗೆ ಹಿಡಿಯುವುದರ ಅಪಾಯಗಳನ್ನು ಕುರಿತು ತೀಕ್ಷ್ಣವಾದ ಲೇಖನವೊಂದನ್ನು ಬರೆದಿದ್ದನು. 2007ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ, ಯಾವ ರೋಗವೂ ಇಲ್ಲದ ಹಿರಿಯರು ಹತ್ತು ದಿನ ಹಾಸಿಗೆಯಲ್ಲಿಯೇ ಇದ್ದುದಕ್ಕೆ ಕಾಲುಗಳ ಮಾಂಸದಲ್ಲಿ ಸುಮಾರು ಒಂದು ಕಿಲೋಗ್ರಾಂ ಕಳೆದುಕೊಂಡರು. ಕೆಲಸಕ್ಕೆ ಬೇಕಾದಷ್ಟೇ ಬಲವನ್ನು ಇಟ್ಟುಕೊಂಡು ಬಾಳುತ್ತಿದ್ದ ಕಾಲುಗಳಿಗೆ ಅದರಲ್ಲಿ ಕಾಲುಭಾಗ ಹೋದರೂ ಶೌಚಾಲಯದ ದಾರಿ ಮುಚ್ಚಿತು. ಟ್ರಾಲಿಯಂತೂ ಹಾಸಿಗೆಗಿಂತ ಕಠಿಣ: ಇಕ್ಕಟ್ಟು, ಎತ್ತರ, ಪಕ್ಕದ ಕಂಬಿ, ಆರದ ದೀಪ. ಫ್ರಾನ್ಸಿನ 97 ತುರ್ತು ವಿಭಾಗಗಳಲ್ಲಿ 2022ರ ಡಿಸೆಂಬರಿನಲ್ಲಿ ನಡೆದ ಅಧ್ಯಯನದಲ್ಲಿ, ಎಪ್ಪತ್ತೈದು ವರ್ಷ ಮೇಲ್ಪಟ್ಟ 1598 ರೋಗಿಗಳ ಪೈಕಿ, ವಾರ್ಡಿನಲ್ಲಿ ಸ್ಥಳವಿಲ್ಲದೆ ರಾತ್ರಿಯನ್ನು ತುರ್ತು ವಿಭಾಗದಲ್ಲಿಯೇ ಕಳೆದವರಲ್ಲಿ ಆಸ್ಪತ್ರೆಯಲ್ಲಿ ಮೃತರಾದವರು ನೂರಕ್ಕೆ 15.7, ವಾರ್ಡು ದೊರೆತವರಲ್ಲಿ 11.1. ಈ ಅಧ್ಯಯನಕ್ಕೆ ಬಹು ಮೊದಲೇ, 2012ರಲ್ಲಿ, ಬ್ರಿಟನ್ನಿನ ಹಲವು ವೈದ್ಯಸಂಘಗಳು ಕೂಡಿ ವೃದ್ಧರ ತುರ್ತು ಆರೈಕೆಯನ್ನು ಕುರಿತು ಸಿಲ್ವರ್ ಬುಕ್ ಎಂಬ ಮಾರ್ಗದರ್ಶಿಯನ್ನು ಹೊರತಂದವು. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ 2019ರ ದೀರ್ಘಾವಧಿ ಯೋಜನೆಯು, ಕ್ಷೀಣರನ್ನು ನೋಡುವ ತಂಡವು ವಾರಕ್ಕೆ ಕನಿಷ್ಠ 70 ಗಂಟೆ ಲಭ್ಯವಿರಬೇಕೆಂದೂ, ರೋಗಿಯು ಬಂದ ಅರ್ಧ ಗಂಟೆಯೊಳಗೆ ಕ್ಷೀಣತೆಯನ್ನು ಅಳೆಯುವ ಗುರಿಯತ್ತ ಸಾಗಬೇಕೆಂದೂ ವಿಧಿಸಿತು. ವಾರದಲ್ಲಿ 168 ಗಂಟೆಗಳುಂಟೆಂಬುದನ್ನೂ, ಮುದುಕರು ರಾತ್ರಿಯಲ್ಲಿಯೂ ಬೀಳುತ್ತಾರೆಂಬುದನ್ನೂ ಇಲ್ಲಿ ನೆನೆಯಬಹುದು.

ಇದೆಲ್ಲ ಯುಕ್ತವೆಂದು ತೋರುವುದು ಬೇರೆ, ಫಲಕಾರಿಯೆಂದು ಸಿದ್ಧವಾಗುವುದು ಬೇರೆ. ಲಾಸ್ ಏಂಜಲಿಸ್ ಬಳಿಯ ಸೆಪುಲ್ವೇಡದ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಲಾರೆನ್ಸ್ ರೂಬೆನ್‌ಸ್ಟೈನ್ ನಡೆಸಿ 1984ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಜರಾಪರೀಕ್ಷೆಯ ವಾರ್ಡಿಗೆ ಹೋದವರಲ್ಲಿ ವರ್ಷದೊಳಗೆ ಸತ್ತವರು ನೂರಕ್ಕೆ 23.8 ಆದರೆ, ಎಂದಿನ ಆರೈಕೆ ಪಡೆದವರಲ್ಲಿ 48.3. ಅಷ್ಟು ದೊಡ್ಡ ಫಲವು ಮತ್ತೆ ಕಂಡಿಲ್ಲ. ಒಂಬತ್ತು ದೇಶಗಳ 29 ಪ್ರಯೋಗಗಳನ್ನೂ 13,766 ರೋಗಿಗಳನ್ನೂ ಒಟ್ಟುಗೂಡಿಸಿದ 2017ರ ಕಾಕ್ರೇನ್ ಸಮೀಕ್ಷೆಯು, ಆಸ್ಪತ್ರೆಗೆ ಸೇರಿದ ವೃದ್ಧರಿಗೆ ಈ ಪರೀಕ್ಷೆ ನಡೆದರೆ ಅವರು ಕೆಲವು ತಿಂಗಳ ಮೇಲೆ ಜೀವಂತರಾಗಿ ತಮ್ಮ ಮನೆಯಲ್ಲಿಯೇ ಇರುವ ಸಂಭವವು ಸ್ವಲ್ಪ ಹೆಚ್ಚುತ್ತದೆಂದು ಹೇಳುತ್ತದೆ. ಮರಣದ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಇದು ವಾರ್ಡಿನ ಮಾತು. ಬಾಗಿಲಿನ ಬಳಿಯ ಸಾಕ್ಷ್ಯ ಇನ್ನೂ ತೆಳು. ನಾಟಿಂಗ್‌ಹ್ಯಾಮ್, ಲೆಸ್ಟರ್ ನಗರಗಳಲ್ಲಿ, ಶೀಘ್ರವಾಗಿ ಮನೆಗೆ ಹೋಗಲಿದ್ದ ಎಪ್ಪತ್ತು ಮೇಲ್ಪಟ್ಟ 433 ಮಂದಿಯಲ್ಲಿ ಕೆಲವರಿಗೆ ಜರಾವೈದ್ಯರ ಪರೀಕ್ಷೆಯನ್ನೂ ಅನುಸರಣೆಯನ್ನೂ ಒದಗಿಸಿ, ಉಳಿದವರಿಗೆ ಎಂದಿನ ಆರೈಕೆಯನ್ನು ಕೊಟ್ಟು ನೋಡಿದಾಗ, ಮುಂದಿನ ತೊಂಬತ್ತು ದಿನಗಳಲ್ಲಿ ಎರಡು ಗುಂಪಿನವರೂ ಮನೆಯಲ್ಲಿ ಕಳೆದದ್ದು ಹೆಚ್ಚುಕಡಿಮೆ ಎಂಬತ್ತು ದಿನ. ಭೇದವೇ ಇಲ್ಲವೆಂದು 2013ರಲ್ಲಿ ವರದಿಯಾಯಿತು. ಅದೇ ಲೆಸ್ಟರಿನ ರಾಯಲ್ ಇನ್‌ಫರ್ಮರಿಯಲ್ಲಿ ತುರ್ತು ವಿಭಾಗದ ಒಳಗೇ ಕ್ಷೀಣರಿಗೆಂದು ಪ್ರತ್ಯೇಕ ಘಟಕವನ್ನು ತೆರೆದ ಮೇಲೆ, ಎಂಬತ್ತೈದು ದಾಟಿದವರಲ್ಲಿ ವಾರ್ಡಿಗೆ ಸೇರಿಸಬೇಕಾದವರ ಪ್ರಮಾಣವು ನೂರಕ್ಕೆ ಸುಮಾರು 70ರಿಂದ 61ಕ್ಕೆ ಇಳಿಯಿತು. ಆದರೆ ಇದು ಮುಂಚಿನ ವರ್ಷವನ್ನು ಆಮೇಲಿನ ವರ್ಷದೊಡನೆ ಹೋಲಿಸಿದ ಲೆಕ್ಕವಾದ್ದರಿಂದ ಅದಕ್ಕೆ ಚೀಟಿ ಎತ್ತಿ ಹಂಚಿದ ಪ್ರಯೋಗದ ತೂಕವಿಲ್ಲ.

ಈ ಎರಡು ಫಲಗಳ ಭೇದಕ್ಕೆ ನನಗೆ ತೋರುವ ಕಾರಣವನ್ನು ಹೇಳುವುದಾದರೆ, ತಜ್ಞನೊಬ್ಬನು ಬಂದು, ನೋಡಿ, ಸಲಹೆ ಬರೆದು ಹೋಗುವುದು ಪರೀಕ್ಷೆಯ ಪೂರ್ವಾರ್ಧ ಮಾತ್ರ. ವಾರನ್ ಬರಿಯ ಸಲಹೆ ಬರೆದವರಲ್ಲ. ವಾರ್ಡು ಅವರ ಕೈಯಲ್ಲಿತ್ತು, ಕಂಬಿ ಹಾಕಿಸುವ ಅಧಿಕಾರ ಅವರಿಗಿತ್ತು. ಬರೆದದ್ದನ್ನು ನಡೆಸುವ ಕೈಗಳು ಅದೇ ದಿನ ಅಲ್ಲಿಯೇ ಇಲ್ಲದಿದ್ದರೆ, ಎಂದರೆ ಸಂಜೆ ಮನೆಗೆ ಹೋಗಿ ನೋಡುವ ದಾದಿ, ಮಂಚದ ಎತ್ತರವನ್ನು ಸರಿಪಡಿಸುವವರು, ಮಾತ್ರೆ ನಿಲ್ಲಿಸಿದ್ದನ್ನು ಮನೆಯ ವೈದ್ಯರಿಗೆ ತಿಳಿಸುವವರು ಇಲ್ಲದಿದ್ದರೆ, ಎಷ್ಟು ಸೂಕ್ಷ್ಮವಾದ ಪರೀಕ್ಷೆಯೂ ಕಡತದಲ್ಲಿ ಉಳಿಯುತ್ತದೆ. ವಾರ್ಡಿನಲ್ಲಿ ತಂಡವೇ ಆರೈಕೆಯನ್ನು ವಹಿಸಿಕೊಂಡಾಗ ಫಲವು ಸ್ಪಷ್ಟವಾಗಿ, ಸಂಚಾರಿ ತಂಡವು ಸಲಹೆಯನ್ನಷ್ಟೇ ಕೊಟ್ಟಾಗ ಮಸುಕಾಗಿ ಕಾಣುವುದೂ ಈ ಊಹೆಗೆ ಅನುಗುಣವಾಗಿದೆ.

ನಮ್ಮ ದೇಶದಲ್ಲಿ ಈ ವಿದ್ಯೆಗೆ ವಯಸ್ಸು ಹೆಚ್ಚಲ್ಲ. ಮದರಾಸಿನ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ ವಿ. ಎಸ್. ನಟರಾಜನ್ 1978ರಲ್ಲಿ ವೃದ್ಧರಿಗೆಂದೇ ಹೊರರೋಗಿ ವಿಭಾಗವನ್ನು ತೆರೆದರು. ಅಲ್ಲಿನ ಮೆಡಿಕಲ್ ಕಾಲೇಜಿನಲ್ಲಿ 1996ರಲ್ಲಿ ಇದರ ಎಂ.ಡಿ. ವ್ಯಾಸಂಗ ಮೊದಲಾಯಿತು; ತುರ್ತು ಚಿಕಿತ್ಸೆಯು ಪ್ರತ್ಯೇಕ ಸ್ನಾತಕೋತ್ತರ ವಿಷಯವೆಂದು ಮನ್ನಣೆ ಪಡೆದದ್ದು 2009ರಲ್ಲಿ. ಅರವತ್ತು ದಾಟಿದವರು 2011ರ ಜನಗಣತಿಯಲ್ಲಿಯೇ ಹತ್ತು ಕೋಟಿಯನ್ನು ಮೀರಿದ್ದರು. 2010ರಲ್ಲಿ ಆರಂಭವಾದ ರಾಷ್ಟ್ರೀಯ ವೃದ್ಧರ ಆರೋಗ್ಯ ಕಾರ್ಯಕ್ರಮವು ಜಿಲ್ಲಾ ಆಸ್ಪತ್ರೆಗಳಲ್ಲಿ ಅವರಿಗಾಗಿ ಹತ್ತು ಹಾಸಿಗೆಗಳ ವಾರ್ಡನ್ನು ಉದ್ದೇಶಿಸಿದೆ. ಇಂಗ್ಲೆಂಡಿನ ಜರಾವೈದ್ಯರು ಟೆಲಿಫೋನಿನಲ್ಲಿ ಹುಡುಕಿ ಪಡೆಯಬೇಕಾದ ಸಂಗತಿಯು ನಮ್ಮಲ್ಲಿ ಸಾಮಾನ್ಯವಾಗಿ ಸ್ಟ್ರೆಚರಿನ ಪಕ್ಕದಲ್ಲಿಯೇ ನಡೆದು ಬರುತ್ತದೆ: ಅತ್ತೆ ಎಷ್ಟು ದಿನದಿಂದ ತಟ್ಟೆಯಲ್ಲಿ ಅನ್ನ ಬಿಡುತ್ತಿದ್ದಾರೆ, ಯಾವ ರಾತ್ರಿಯಿಂದ ಹೊತ್ತಿನ ಪರಿವೆ ತಪ್ಪಿದೆ, ಬಚ್ಚಲಿಗೆ ಹೋಗಲು ಯಾವ ದಿನ ಮೊದಲ ಸಲ ಕೈ ಹಿಡಿಯಬೇಕಾಯಿತು ಎಂಬುದೆಲ್ಲ ಜೊತೆಯಲ್ಲಿ ಬಂದ ಸೊಸೆಗೆ ಗೊತ್ತು. ಕ್ಯಾಶುವಲ್ಟಿಯ ಬಾಗಿಲಲ್ಲಿರುವ ಕಾವಲುಗಾರನು ‘ಒಬ್ಬರೇ ಒಳಗೆ’ ಎಂದಾಗ, ಹಣ ಕಟ್ಟುವ, ಫಾರಂ ತುಂಬುವ ಮಗನು ಒಳಕ್ಕೆ ಹೋಗುತ್ತಾನೆ. ಸೊಸೆಯು ಹೊರಗಿನ ಬೆಂಚಿನ ಮೇಲೆ ಕುಳಿತುಕೊಳ್ಳುತ್ತಾಳೆ. ಒಳಗೆ ವೈದ್ಯರು ಮಗನನ್ನು ಕೇಳುವುದು ಬಿ.ಪಿ. ಉಂಟೆ, ಷುಗರ್ ಉಂಟೆ ಎಂದು. ಇನ್ನೊಂದು ಪ್ರಶ್ನೆಯನ್ನು ಅದಕ್ಕೆ ಸೇರಿಸಿ, ಉತ್ತರ ಬಲ್ಲವಳನ್ನು ಒಳಗೆ ಕರೆಸಿಕೊಳ್ಳುವುದಕ್ಕೆ ಹೊಸ ವಾರ್ಡೂ ಬೇಡ, ಹೊಸ ಪದವಿಯೂ ಬೇಡ. ಆ ಉತ್ತರವನ್ನು ಕೇಳಿದ ಮೇಲೆ ಮಾಡಬೇಕಾದ ಕೆಲಸಕ್ಕೆ ಮಾತ್ರ ಎರಡೂ ಬೇಕು.